ರಾಣಿಗೆ ಒನ್ಸ್ ಮೋರ್

೧

ಎಲ್ಲಿಂದ ಶುರು ಮಾಡ್ಲಿ?

ಕಾಫಿಯಿಂದ ಶುರು ಮಾಡಿ ಅಂದ್ರು ಹರ್ಷಿತಾ ಮೇಡಮ್. ಭಾನುವಾರ ಬೆಳಿಗ್ಗೆ ಚಾಮರಾಜಪೇಟೆ ಬೀದಿಗಳಲ್ಲಿ ಜನರನ್ನ ಗುಂಪು ಕಟ್ಕೊಂಡು ಹೆರಿಟೇಜ್ ವಾಕ್ ಮಾಡಿಸ್ತಾರಲ್ಲ, ಅವರೇ. ನಡೆದು ಸುಸ್ತಾದವರಿಗೆ ಕೊನೇಲಿ ಕೊಡೋಕೆ ಒಂದು ಪುಸ್ತಿಕೆ ತರ್ತಿದಾರಂತೆ. "ಏರಿಯಾದ ಕಲೆ, ಸಂಸ್ಕೃತಿ ಬಗ್ಗೆ ಇಲ್ಲೇ ಹುಟ್ಟಿ ಬೆಳೆದವರು ಬರೀಬೇಕು ನಿಶಾಂತ್. ನೀವು ಫೇಸ್‌ಬುಕ್ಕಲ್ಲಿ ಜನರ ಜೊತೆ ಜಗಳ ಆಡೋದು ಓದಿದೀನಿ. ಚೆನ್ನಾಗಿ ಬರೀತೀರ. ಸ್ವಲ್ಪ ಪಾಸಿಟಿವ್ ಆಗಿರ್ಲಿ ಅಷ್ಟೇ."

ಸರಿ, ಬರೆದೆ:

"ಚಾಮರಾಜಪೇಟೆಗೆ ಬೆಳಗಾಗುವುದು ಕಾಫಿಯ ಪರಿಮಳದಿಂದ. ಹಳೆಯ ಮನೆಗಳ ಕೆಂಪು ಜಗಲಿಗಳ ಮೇಲೆ ಎಳೆಬಿಸಿಲು ಬಿದ್ದಾಗ..."

ಥೂ. ಹೊಡೆದುಹಾಕಿದೆ. ಇಲ್ಲಿ ಬೆಳಗಾಗೋದು ಟೆಂಪೋಗಳು ರಿವರ್ಸ್ ತಗೊಳ್ಳೋ ಸದ್ದಿಗೆ. ಎಳೆಬಿಸಿಲು ಬೀಳೋಕೆ ಜಗಲಿ ಖಾಲಿ ಇದ್ರೆ ತಾನೇ, ಅದರ ಮೇಲೆ ಜನರೇಟರ್ ಕೂತಿದೆ.

ಇನ್ನೊಂದು ಸಲ ಶುರು ಮಾಡ್ತೀನಿ. ನೀವು ಅಲ್ಲೇ ನಿಂತಿರಿ.

೧

(ಹೌದು, ಮತ್ತೆ ಒಂದೇ. ಮೊದಲನೇದು ಲೆಕ್ಕಕ್ಕಿಲ್ಲ.)

ನಾನು ಕಾಟನ್‌ಪೇಟೆಯ ಡ್ರಾಮಾ ಸೀನರಿ ಅಂಗಡೀಲಿ ಕೆಲಸ ಮಾಡ್ತೀನಿ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲಿಂದ ಅಲ್ಲೇ. ಪೌರಾಣಿಕ ನಾಟಕ ಆಡೋ ಸಂಘಗಳಿಗೆ ಪರದೆ ಬಾಡಿಗೆಗೆ ಕೊಡೋ ಅಂಗಡಿ. ಅರಮನೆ, ಕಾಡು, ಬೀದಿ, ಸ್ಮಶಾನ, ಎಲ್ಲ ಬಟ್ಟೆ ಮೇಲೆ ಬರೆದಿರೋದು. ಹರ್ಷಿತಾ ಮೇಡಮ್ ಗುಂಪು ನಮ್ಮ ಅಂಗಡಿ ಮುಂದೇನೇ ಹಾದುಹೋಗುತ್ತೆ, ತಲೆ ಎತ್ತಿ ಮಹಡಿ ಕಿಟಕಿ ಕಮಾನು ನೋಡ್ಕೊಂಡು. ಒಳಗೆ ಬಂದವರಿಲ್ಲ. ಬಂದ್ರೂ ಏನು ಕಾಣುತ್ತೆ? ಸುತ್ತಿಟ್ಟಾಗ ಅರಮನೆ ಅನ್ನೋದು ಒಂದು ಉದ್ದದ ಬಟ್ಟೆ ಉರುಳೆ. ಸ್ಮಶಾನಾನೂ ಅಷ್ಟೇ. ಎರಡಕ್ಕೂ ಒಂದೇ ಧೂಳು.

ನಾಟಕದ ದಿನ ಪರದೆ ಜೊತೆ ನಾವೂ ಹೋಗ್ಬೇಕು. ಮುಂಪರದೆಗೆ ಎರಡು ಹಗ್ಗ, ಸ್ಟೇಜಿನ ಆ ಕಡೆ ಒಂದು, ಈ ಕಡೆ ಒಂದು. ಇಬ್ಬರು ಒಂದೇ ಉಸಿರಲ್ಲಿ ಬಿಡಬೇಕು, ಇಲ್ಲಾಂದ್ರೆ ಪರದೆ ಓರೆಯಾಗುತ್ತೆ, ಜನ ಶಿಳ್ಳೆ ಹೊಡೀತಾರೆ. ಈ ಕಡೆ ಹಗ್ಗ ನಂದು. ಆ ಕಡೇದು ಚಿದಂಬರನದು.

ಚಿದಂಬರ ಈಗ ಇಲ್ಲ. ಆ ಕಡೆ ಹಗ್ಗಾನ ಕಿಟಕಿ ಸರಳಿಗೆ ಬಿಗಿದು, ಅಗತ್ಯ ಬಿದ್ದಾಗ ಓಡಿಹೋಗಿ ಬಿಚ್ತೀನಿ.

(ಮೇಡಮ್, ಇದು ಪಾಸಿಟಿವ್ ಆಗೋ ಲಕ್ಷಣ ಕಾಣ್ತಿಲ್ಲ. ಕ್ಷಮಿಸಿ ಅಂತ ಬರೆಯೋಣ ಅಂದ್ಕೊಂಡೆ. ಬರೆಯಲ್ಲ.)

೨

ಈಗ ಚಿದಂಬರನ ಅಮ್ಮ. ಮಹಾನಂದಮ್ಮ.

ನಮ್ಮ ಕಡೆ ನಾಟಕದ ಪದ್ಧತಿ ನಿಮಗೆ ಗೊತ್ತಿಲ್ಲದೇ ಇರಬಹುದು, ಹೇಳಿಬಿಡ್ತೀನಿ. ಗಂಡು ಪಾತ್ರಗಳನ್ನ ದುಡ್ಡು ಕೊಟ್ಟು ತಗೋತಾರೆ. ಸೈಟ್ ವ್ಯಾಪಾರದವರು, ಸ್ಪೇರ್ ಪಾರ್ಟ್ಸ್ ಅಂಗಡಿಯವರು, ಕಾರ್ಪೊರೇಷನ್ ಎಲೆಕ್ಷನ್ನಿಗೆ ನಿಲ್ಲೋ ಆಸೆ ಇರೋರು. ರಾಜನ ಪಾತ್ರಕ್ಕೆ ಒಂದು ರೇಟು, ದೂತನಿಗೆ ಒಂದು ರೇಟು. ಹೆಣ್ಣು ಪಾತ್ರದವರನ್ನ ಮಾತ್ರ ಕೂಲಿಗೆ ಕರೆಸ್ತಾರೆ. ಹಾಡೋಕೆ ಬರೋದು ಅವರೊಬ್ಬರಿಗೇ ಅಂತ ಎಲ್ಲರಿಗೂ ಗೊತ್ತು. ಆದ್ರೆ ಕಟೌಟಲ್ಲಿ ಅವರ ಫೋಟೊ ಇರಲ್ಲ.

ಮಹಾನಂದಮ್ಮ ಅಂಥ ಪಾತ್ರದವರು. ಅಕ್ಕಿಪೇಟೆಯ ಒಂದು ಓಣೀಲಿ ಮನೆ. ಎಷ್ಟು ರಾಜರ ಪಕ್ಕ ಕೂತು ರಾಣಿಯಾಗಿದಾರೋ ದೇವರಿಗೇ ಗೊತ್ತು. ಮಾರನೇ ದಿನ ಆ ರಾಜ ಸ್ಕೂಟರಲ್ಲಿ ಎದುರು ಬಂದ್ರೆ ಗುರುತೇ ಇಲ್ಲದವನ ಥರ ಹೋಗಿಬಿಡ್ತಾನೆ.

"ಬೇಜಾರಾಗಲ್ವಾ?" ಅಂತ ಒಂದ್ಸಲ ಕೇಳಿದ್ದೆ.

"ಲೋ, ರಾಜ ಸ್ಕೂಟರಲ್ಲಿ ಹೋಗೋದು ನೋಡಿ ನಾಚ್ಕೋಬೇಕಾದವನು ಅವನು" ಅಂದಿದ್ರು.

ಇನ್ನೊಂದು ಪದ್ಧತಿ: ಒನ್ಸ್ ಮೋರ್. ಹಾಡು ಹಿಡಿಸಿದ್ರೆ ಜನ ಕೂಗ್ತಾರೆ, ಪಾತ್ರದವರು ಇನ್ನೊಂದ್ಸಲ ಹಾಡಲೇಬೇಕು. ಹಾರ್ಮೋನಿಯಂ ಗಂಗಾಧರಯ್ಯ ಮಾಸ್ತರರ ರೂಲು ಇನ್ನೂ ಕಟ್ಟುನಿಟ್ಟು. ಒನ್ಸ್ ಮೋರ್ ಅಂದ್ರೆ ಬರೀ ಹಾಡಲ್ಲ, ಹಾಡಿಗೆ ಮುಂಚಿನ ಮಾತಿಂದ ಶುರು ಆಗ್ಬೇಕು. ಅಂದ್ರೆ ಸಾವಿನ ಸೀನಾದ್ರೆ ಸತ್ತವನು ಏಳ್ಬೇಕು. ಎದ್ದು ಕಿರೀಟ ಸರಿಮಾಡ್ಕೊಂಡು ಒಳಗೆ ಹೋಗಿ, ಮತ್ತೆ ಬಾಣ ಚುಚ್ಚಿಸ್ಕೊಂಡು ಬಂದು, ಮತ್ತೆ ಸಾಯ್ಬೇಕು.

ನಗು ಬಂತಾ? ಹೊಸಬರಿಗೆಲ್ಲ ಬರುತ್ತೆ. ನಮ್ಮ ಜನ ಯಾರೂ ನಗಲ್ಲ. ಎದ್ದು ಹೋಗೋವಾಗ ಅವನನ್ನ ಸುಮ್ನೆ ನೋಡ್ತಾರೆ, ಅಷ್ಟೇ.

೩

(ಇದನ್ನ ಬೇಗ ಹೇಳಿ ಮುಗಿಸ್ತೀನಿ.)

ಚಿದಂಬರನಿಗೆ ಡೆಂಗಿ. ಜ್ವರ ಅಂದ, ಮಾತ್ರೆ ನುಂಗಿದ, ಮಾರನೇ ದಿನ ಪರದೆ ಹೊತ್ತ. ಆಮೇಲೆ ಬಿದ್ದ. ಆಸ್ಪತ್ರೇಲಿ ಜೊತೆಗಿದ್ದವನು ನಾನು. ಮಹಾನಂದಮ್ಮ ಮಾಗಡಿ ಕಡೆ ಒಂದು ಹಳ್ಳೀಲಿ ನಾಟಕಕ್ಕೆ ಹೋಗಿದ್ರು. ಪ್ಲೇಟ್‌ಲೆಟ್ ಏರ್ತಿದೆ ಅಂತ ಅವನೇ ಫೋನಲ್ಲಿ ಹೇಳಿ ಕಳಿಸಿದ್ದ. ಒಪ್ಕೊಂಡ ಮೇಲೆ ತಪ್ಪಿಸಿದ್ರೆ ಇನ್ನೊಂದ್ಸಲ ಯಾರೂ ಕರೆಯಲ್ಲ ಅಂತ ಅವನಿಗೂ ಗೊತ್ತಿತ್ತು. ಅವನು ಹೋದಾಗ ಅವರು ಸ್ಟೇಜ್ ಮೇಲಿದ್ರು. ಫೋನು ಬ್ಯಾಗಲ್ಲಿತ್ತು. ಮುಖದ ಬಣ್ಣ ತೊಳೀದೇನೇ ಬಂದ್ರು.

ಇಷ್ಟೇ.

೪

ಹಬ್ಬ ಕಳೀತು, ಚಳಿಗಾಲ ಬಂತು. ಗಂಗಾಧರಯ್ಯ ಮಾಸ್ತರು ಒಂದು ನಾಟಕ ಬರೆದ್ರು. ರಾಜಕುಮಾರ ಮಣಿಕೇತು ಯುದ್ಧಕ್ಕೆ ಹೋಗಿ, ಗಾಯ ಆಗಿ ವಾಪಸ್ ಬಂದು, ಅಮ್ಮನ ತೊಡೆ ಮೇಲೆ ಪ್ರಾಣ ಬಿಡ್ತಾನೆ. (ಯಾವ ಪುರಾಣ ಅಂತ ಹುಡುಕ್ಬೇಡಿ. ಮಾಸ್ತರರ ತಲೇಲಿರೋ ಪುರಾಣ.) ಮಣಿಕೇತು ಪಾತ್ರ ಕುಶಾಲನಿಗೆ. ಅವರಪ್ಪ ಸೈಟ್ ಮಾರೋರು. ಮಗನಿಗೆ ಬೈಕ್ ಕೊಡಿಸಿದ ಹಾಗೇ ಪಾತ್ರಾನೂ ಕೊಡಿಸಿದ್ರು. ರಾಣಿ ಪಾತ್ರಕ್ಕೆ ಮಾಸ್ತರು ಮಹಾನಂದಮ್ಮನ್ನ ಕೇಳಿದ್ರು.

ನಂಗೆ ರಕ್ತ ಕುದೀತು. ಮಗ ಸತ್ತವಳ ಕೈಲಿ ಮಗ ಸತ್ತ ಹಾಡು ಹಾಡಿಸ್ತೀರಾ? ಅಂಗಡಿಗೆ ಬಂದಿದ್ದ ಮಾಸ್ತರನ್ನ ಕೇಳೇಬಿಟ್ಟೆ.

"ನಾನು ಕೇಳ್ದೆ, ಅವರು ಒಪ್ಪಿದ್ರು. ನಿಂಗೇನಪ್ಪ ಕಷ್ಟ?" ಅಂದ್ರು ಮಾಸ್ತರು. "ಅರಮನೆ ಪರದೆ ಹೊಲಿಗೆ ಬಿಟ್ಟಿದೆಯಂತೆ, ಅದನ್ನ ನೋಡ್ಕೋ ಮೊದ್ಲು."

ನಾಟಕ ಭಾನುವಾರ ಮಧ್ಯಾಹ್ನ, ಚಾಮರಾಜಪೇಟೆಯ ಒಂದು ಛತ್ರದಲ್ಲಿ. ಹಾಲ್ ತುಂಬಿತ್ತು. ಹರ್ಷಿತಾ ಮೇಡಮ್ಮೂ ಬಂದು ಸೈಡಲ್ಲಿ, ನಾನಿದ್ದ ಕಡೇನೇ ನಿಂತಿದ್ರು. ಚಿದಂಬರನ ವಿಷಯ ಅವರಿಗೆ ನಾನೇ ಹೇಳಿದ್ದೆ.

ಕುಶಾಲನ ಎದೇಲಿ ಬಾಣ. ಇಬ್ಬರು ಸೈನಿಕರು ಹೊತ್ತು ತಂದು ರಾಣಿ ತೊಡೆ ಮೇಲೆ ಮಲಗಿಸಿದ್ರು. "ಅಮ್ಮಾ, ಬಂದೆ" ಅಂದ. ಕಣ್ಣು ಮುಚ್ಚಿದ. ಮಹಾನಂದಮ್ಮ ಎತ್ತಿದ್ರು:

ಏಳು ನನ್ನಯ್ಯ, ಬಿಸಿಲು ಬಂದಿದೆ ಬಾಗಿಲಿಗೆ,
ಎದ್ದು ಬಾ ಎನ್ನುತಿದೆ ನಿನ್ನ ಕುದುರೆ...

ಮಾಸ್ತರರ ಸಾಲು ಏನೂ ದೊಡ್ಡದಲ್ಲ. ಆ ಗಂಟಲು ಬೇರೆ. ಹಾಡು ಮುಗೀತು. ಆಮೇಲೆ ಹಿಂದಿನ ಸಾಲಿಂದ ಯಾರೋ ಕೂಗಿದ.

"ರಾಣೀಗೆ ಒನ್ಸ್ ಮೋರ್!"

ಹಾಲಿಗೆ ಹಾಲೇ ಕೂಗ್ತು. ನಾನು ಮಹಾನಂದಮ್ಮನ ಮುಖ ನೋಡ್ದೆ. ಆಮೇಲೆ ಹಗ್ಗ ಬಿಟ್ಟೆ.

ಪರದೆ ಬಿತ್ತು. ಆ ಕಡೆ ಹಗ್ಗ ಸರಳಿಗೆ ಕಟ್ಟಿತ್ತಲ್ಲ, ಪರದೆ ಓರೆಯಾಗಿ, ಅರ್ಧ ಸ್ಟೇಜ್ ಮುಚ್ಕೊಂಡು ನಿಂತ್ಕೊಂಡ್ತು. ನಾನು ಮುಂದೆ ಬಂದು ನಿಂತೆ. "ನಾಚಿಕೆ ಆಗಲ್ವಾ ನಿಮಗೆ?" ಅಂದೆ. "ಆಯಮ್ಮನ ಮಗ ನಿಜವಾಗ್ಲೂ ಸತ್ತಿದಾನೆ. ಇನ್ನೆಷ್ಟು ಸಲ ಸಾಯಿಸ್ತೀರ?" ಹಾಲಲ್ಲಿದ್ದವರೆಲ್ಲ ತಲೆ ತಗ್ಗಿಸಿದ್ರು. ಮಹಾನಂದಮ್ಮ ಪರದೆ ಹಿಂದೆ...

೪

(ಮತ್ತೆ ನಾಲ್ಕು.)

"ಯಾವನೋ ನಿಂಗೆ ಪರದೆ ಬಿಡೋಕೆ ಹೇಳಿದ್ದು?"

ಇದು ಮಹಾನಂದಮ್ಮ. ನಾಟಕ ಆಗಿ ವಾರ ಕಳೆದಿತ್ತು. ಅಂಗಡೀಲಿ ಪರದೆ ಉರುಳೆ ಮೇಲೆ ಕೂತು, ನಾನು ಬರೆದಿದ್ದನ್ನ ಇಲ್ಲೀವರೆಗೂ ಓದಿ, ಹಾಳೆಗಳನ್ನ ನನ್ನ ಎದೆಗೆ ಒತ್ತಿದ್ರು.

"ಕತೆ ಅಮ್ಮಾ ಇದು. ಕತೇಲಿ..."

"ಕತೇಲೂ ಬಿಡ್ಬೇಡ. ಅವತ್ತು ನೀನು ಬಿಟ್ಯಾ? ಹಗ್ಗ ಹಿಡ್ಕೊಂಡು ಗೂಟದ ಥರ ನಿಂತಿದ್ದೆ. ಅಲ್ಲಿ ಬಾರದೇ ಇದ್ದ ಧೈರ್ಯ ಪೇಪರ್ ಮೇಲೆ ಬಂತಾ? ಭಾಷಣ ಬೇರೆ. ನಿನ್ನ ಭಾಷಣ ಕೇಳೋಕೆ ಜನ ಬಂದಿದ್ರಾ, ನನ್ನ ಹಾಡು ಕೇಳೋಕೆ ಬಂದಿದ್ರಾ?"

ಹೌದು ಓದುಗರೇ, ಬಿಡ್ಲಿಲ್ಲ. ನಡೆದಿದ್ದು ಹೀಗೆ: ಜನ ಕೂಗಿದ್ರು. ಮಾಸ್ತರು ಶ್ರುತಿ ಹಿಡಿದ್ರು. ಕುಶಾಲ ಎದ್ದ, ಕಿರೀಟ ಸರಿಮಾಡ್ಕೊಂಡು ಒಳಗೆ ಹೋದ, ಬಂದ, ಅಮ್ಮಾ ಅಂದ, ಸತ್ತ. ಅವರು ಹಾಡಿದ್ರು. ಮತ್ತೆ ಕೂಗಿದ್ರು. ಅವನು ಮತ್ತೆ ಎದ್ದ. ಬಾಣದ ಅಂಟು ಬಿಟ್ಟಿತ್ತು, ಕೈಲಿ ಹಿಡ್ಕೊಂಡೇ ಬಂದ. ತೊಡೆ ಮೇಲೆ ಮಲಗಿ ಮೈಕಿಗೆ ಕೇಳದ ಹಾಗೆ ಕೇಳಿದ್ನಂತೆ:

"ಆಂಟಿ, ಸಾಕಾ?"

"ಸುಮ್ನೆ ಸಾಯೋ" ಅಂದ್ರಂತೆ ರಾಣಿ.

ಹರ್ಷಿತಾ ಮೇಡಮ್ ನನ್ನ ತೋಳು ಹಿಡ್ಕೊಂಡಿದ್ರು. ಅವರ ಕಣ್ಣಲ್ಲಿ ನೀರಿತ್ತು. "ಯಾರಾದ್ರೂ ನಿಲ್ಲಿಸ್ಬೇಕು ಇದನ್ನ. ಇಟ್ಸ್ ಕ್ರೂಯಲ್. ಪರದೆ ಹಾಕಿ ನಿಶಾಂತ್, ಪ್ಲೀಸ್" ಅಂದಿದ್ರು. ಆ ಮಾತನ್ನ ನನ್ನ ಕತೇಲಿ ನಾನೇ ಕದ್ದು, ನನ್ನ ಕೋಪ ಅಂತ ಮಾಡ್ಕೊಂಡಿದ್ದೆ. ನಾನೂ ಅವರೂ ಒಂದೇ ಪಾರ್ಟಿ ಅಂತ ಗೊತ್ತಾದಾಗ ಮೈಯೆಲ್ಲ ಉರಿದುಹೋಯ್ತು.

"ನಿಮಗೆ ನೋವಾಗಿರುತ್ತೆ ಅಂತ..." ಅಂದೆ.

ಮಹಾನಂದಮ್ಮ ಬಾಗಿಲಾಚೆ ನೋಡಿದ್ರು. ರಸ್ತೇಲಿ ಮೂಟೆ ಇಳಿಸ್ತಿದ್ದವರು ಒಬ್ಬರಿಗೊಬ್ಬರು ಬೈಕೊಳ್ತಿದ್ರು.

"ನೋಡು" ಅಂದ್ರು. "ಮಾಸ್ತರು ಬರೆದಿರೋ ಮಗ ಅಮ್ಮನ ಹತ್ರ ಬಂದು ಸಾಯ್ತಾನೆ. ಬಂದೆ ಅಂತ ಹೇಳ್ತಾನೆ. ಆಮೇಲೆ ಸಾಯ್ತಾನೆ. ನನ್ನ ಮಗ ಬರ್ಲಿಲ್ಲ, ನಾನೂ ಬರ್ಲಿಲ್ಲ. ಒನ್ಸ್ ಮೋರ್ ಅಂದಾಗ ಆ ಕುಶಾಲ ಎದ್ದು ಒಳಗೆ ಹೋಗ್ತಾನಲ್ಲ? ವಾಪಸ್ ಬರೋವರೆಗೂ ನನ್ನ ತೊಡೆ ಖಾಲಿ ಇರುತ್ತೆ. ಒಂದು ಗಳಿಗೆ. ಆ ಗಳಿಗೇಲಿ ನನ್ನ ಮಗ ಸತ್ತಿರಲ್ಲ ಕಣೋ. ಬರ್ತಾ ಇರ್ತಾನೆ. ನೀನು ಆ ಗಳಿಗೆ ಮೇಲೆ ಪರದೆ ಬಿಟ್ಟಿದೀಯ."

(ಇಲ್ಲಿ ಒಂದು ಒಳ್ಳೇ ಸಾಲು ಹಾಕಬಹುದಿತ್ತು. ಹಾಕಲ್ಲ.)

೫

ಹಾಳೆ ಹರಿದುಹಾಕ್ತೀನಿ ಅಂದೆ. ಬೇಡ ಅಂದ್ರು. ಎದ್ದು ಬಾಗಿಲವರೆಗೂ ಹೋಗಿ ತಿರುಗಿ ನಿಂತ್ರು.

"ಆಸ್ಪತ್ರೇಲಿ ನೀನಿದ್ಯಲ್ಲ. ಅಲ್ಲಿಂದ ಬರಿ."

"ಏನು ಬರೀಲಿ?"

"ನನ್ನ ಕರೆದ ಅಂತ ಬರಿ. ಕೊನೇಲಿ ಅಮ್ಮಾ ಅಂದ ಅಂತ."

ಅಂದಿರಲಿಲ್ಲ. ಅದು ಅವರಿಗೂ ಗೊತ್ತು. ಅವತ್ತೇ ಕೇಳಿದ್ರು, ಬಣ್ಣದ ಮುಖದಲ್ಲಿ ವಾರ್ಡಿನ ಬಾಗಿಲಲ್ಲಿ ನಿಂತು, ಏನಂದ ಏನಂದ ಅಂತ. ಏನೂ ಇಲ್ಲ, ನಿದ್ದೆ ಮಾಡಿದ ಅಂದಿದ್ದೆ. ನಿಜವಾಗಿ ಅವನು ಕೊನೇಲಿ ಅಂದಿದ್ದು, "ಫ್ಯಾನ್ ಸ್ವಲ್ಪ ಜಾಸ್ತಿ ಮಾಡೋ." ಫ್ಯಾನ್ ಆಗ್ಲೇ ಪೂರ್ತಿ ಇತ್ತು.

"ಸುಳ್ಳು ಬರೆಯಲ್ಲ ಅಮ್ಮಾ ನಾನು" ಅಂದೆ. "ಕಾಫಿ ಪರಿಮಳ ಅಂತ ಬರೆಯೋರ ಮೇಲೆ ಕೂಗಾಡ್ತೀನಿ. ಈಗ ನಾನೇ..."

"ನೀನು ದಿನಾ ಹೊರೋ ಅರಮನೆ ಏನೋ? ಬಟ್ಟೆ ತಾನೇ? ಜನಕ್ಕೆ ಅದು ಗೊತ್ತಿಲ್ವಾ? ಗೊತ್ತಿದ್ದೂ ಅದರ ಮುಂದೆ ಕೂತು ಅಳಲ್ವಾ?" ಚಪ್ಪಲಿ ಮೆಟ್ಟಿಕೊಂಡ್ರು. "ಒಂದು ಮಾತು ಕೇಳ್ತಿದೀನಿ. ಇಡೀ ನಾಟಕ ಕೇಳ್ಲಿಲ್ಲ."

ಹೋದ್ರು.

ಈಗ ನೋಡಿ ನನ್ನ ಪರಿಸ್ಥಿತಿ. ಹರ್ಷಿತಾ ಮೇಡಮ್ಮಿಗೆ ಪಾಸಿಟಿವ್ ಬೇಕು. ಮಹಾನಂದಮ್ಮನಿಗೆ ಒಂದು ಮಾತು ಬೇಕು. ನಿಮಗೆ ಕೊನೆ ಬೇಕು. ನನ್ನ ಹತ್ರ ಒಂದು ಫ್ಯಾನ್ ಇದೆ.

ಕೊನೆ, ಒಂದನೇ ಥರ: ಚಿದಂಬರ ಕಣ್ಣು ಬಿಟ್ಟ. ತುಟಿ ಅಲುಗಿತು. "ಅಮ್ಮಾ" ಎಂದ.

(ಮೂರೇ ವಾಕ್ಯ. ಬರೆದ ಮೇಲೆ ಕೈ ತೊಳ್ಕೊಂಡು ಬಂದೆ. ಕುಶಾಲನೂ ಇದನ್ನೇ ಅಂತಾನೆ, ಅವನಿಗೆ ಅವರಪ್ಪ ಕೊಡಿಸಿದ್ದು. ಚಿದಂಬರನಿಗೂ ಅದನ್ನೇ ಕೊಡಿಸ್ಲಾ?)

ಕೊನೆ, ಎರಡನೇ ಥರ: ಫ್ಯಾನ್. ನಿಜ, ಬರೀ ನಿಜ.

(ಇದನ್ನ ತಗೊಂಡುಹೋಗಿ ಆ ಹೆಂಗಸಿನ ಕೈಗೆ ಕೊಡೋನು ಮನುಷ್ಯಾನಾ?)

ಕೊನೆ, ಮೂರನೇ ಥರ: ಮಹಾನಂದಮ್ಮ ಹೆರಿಟೇಜ್ ವಾಕಿನವರಿಗೆ ಒಂದು ಮನೆ ಜಗಲೀಲಿ ಕೂತು ಹಾಡ್ತಾರೆ. ಚಪ್ಪಾಳೆ, ಶಾಲು, ಸೆಲ್ಫಿ.

(ಹೋಗ್ಲಿ ಬಿಡಿ.)

ಐದೂವರೆ

ಆಗ ಚಿದಂಬರ ಬಂದ. ಎಲ್ಲಿಂದ ಅಂತ ಕೇಳ್ಬೇಡಿ, ಬರೀತಿರೋನು ನಾನು, ಕರೆದೆ. ಸ್ಮಶಾನದ ಪರದೆ ಉರುಳೆ ಮೇಲೆ ಕಾಲು ಇಳಿಬಿಟ್ಟು ಕೂತ. ಅವನಿಗೆ ಯಾವಾಗ್ಲೂ ಆ ಜಾಗಾನೇ ಇಷ್ಟ, ಗಾಳಿ ಬರುತ್ತೆ ಅಂತ.

"ಏನ್ ಮಚ್ಚಾ, ನನ್ನ ಬಾಯಿಗೆ ಏನೋ ತುರುಕ್ತಿದ್ಯಂತೆ?"

"ನಿಮ್ಮಮ್ಮ ಕೇಳ್ತಿದಾರೆ."

"ನನ್ನ ಕೇಳಿದ್ಯಾ?"

"ಈಗ ಕೇಳ್ತಿದೀನಿ. ಯಾಕೋ ಕರೀಲಿಲ್ಲ ಅಮ್ಮನ್ನ? ಒಂದ್ಸಲ ಕರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಅವನು ನನ್ನ ಪೆದ್ದನ್ನ ನೋಡೋ ಥರ ನೋಡ್ದ.

"ಯಾಕೆ ಕರೀಲಿ? ಬೆಳಿಗ್ಗೆ ಬರ್ತಾಳೆ ಅಂತ ಗೊತ್ತಿತ್ತಲ್ಲ. ಸಾಯೋನು ಅಮ್ಮಾ ಅಂತಾನೆ ಮಚ್ಚಾ. ನಾನೇನು ಸಾಯ್ತಿದ್ನಾ? ನಂಗೆ ಜ್ವರ ಬಂದಿತ್ತು, ಸೆಕೆ ಆಗ್ತಿತ್ತು. ಅವಳು ಬಂದಾಗ ಬೈತಾಳೆ, ಜ್ವರದಲ್ಲಿ ಪರದೆ ಯಾಕೆ ಹೊತ್ತೆ ಅಂತ. ಅದಕ್ಕೆ ಏನು ಸುಳ್ಳು ಹೇಳೋದು ಅಂತ ಯೋಚನೆ ಮಾಡ್ತಿದ್ದೆ."

ಇದನ್ನ ಅವನು ಹೇಳ್ಲಿಲ್ಲ. ನಾನು ಬರೆದೆ. ಬರೆದಾದ ಮೇಲೆ ಅಂಗಡಿ ಶಟರ್ ಅರ್ಧ ಎಳೆದು ಒಳಗೇ ಕೂತಿದ್ದೆ, ಗಿರಾಕಿ ಬಂದು ಬಡಿದ್ರೂ ಏಳ್ಲಿಲ್ಲ.

(ನಂಬರ್ ಹಾಕಲ್ಲ)

ಐದರಿಂದ ಐದೂವರೆವರೆಗಿನ ಹಾಳೆಗಳನ್ನ ತಗೊಂಡು ಅಕ್ಕಿಪೇಟೆಗೆ ಹೋದೆ. ಮಹಾನಂದಮ್ಮ ಹೊಸಲಲ್ಲಿ ಕೂತು ಸೊಪ್ಪು ಬಿಡಿಸ್ತಿದ್ರು. ಕನ್ನಡಕ ಒಳಗಿದೆ, ನೀನೇ ಓದು ಅಂದ್ರು. ಮೆಟ್ಟಿಲ ಮೇಲೆ ಕೂತು ಓದಿದೆ. ಫ್ಯಾನನ್ನೂ ಬಿಡದೆ ಓದಿದೆ. ನನ್ನ ದನಿ ನಾಟಕದವರ ದನಿ ಅಲ್ಲ. ಸುಳ್ಳು ಹೇಳೋ ಯೋಚನೆ ಅನ್ನೋ ಕಡೆ ಬಂದಾಗ ಅವರ ಕೈ ನಿಂತ್ಕೊಂಡ್ತು.

"ಮುಂದೆ?"

"ಮುಂದೆ ಬರೆದಿಲ್ಲ ಅಮ್ಮಾ."

ಬೈತಾರೆ ಅಂದ್ಕೊಂಡೆ. ಕೇಳಿದ ಒಂದು ಮಾತು ಕೊಡ್ಲಿಲ್ಲ ಅಂತ. ಅವರು ಸೊಪ್ಪಿನ ದಂಟು ಮುರೀತಾ ಓಣಿ ಕಡೆ ನೋಡ್ತಿದ್ರು.

"ಮಚ್ಚಾ ಅಂತಿರಲಿಲ್ಲ ಅವನು" ಅಂದ್ರು. "ಮಗಾ ಅಂತಿದ್ದ, ಎಲ್ಲರಿಗೂ. ನಂಗೂ ಒಂದೊಂದ್ಸಲ ಬಾಯ್ತಪ್ಪಿ ಅಂದುಬಿಡ್ತಿದ್ದ. ತಿದ್ದು."

(ಮೇಲೆ ಮಚ್ಚಾ ಅಂತಾನೇ ಇದೆ. ನೀವೇ ತಿದ್ಕೊಂಡು ಓದಿ, ನಂಗೆ ಆ ಪುಟಕ್ಕೆ ಮತ್ತೆ ಹೋಗೋಕೆ ಆಗ್ತಿಲ್ಲ.)

"ಇನ್ನೊಂದು" ಅಂದ್ರು. "ಸುಳ್ಳು ಏನು ಯೋಚನೆ ಮಾಡ್ದ ಅಂತ ಹಾಕೇ ಇಲ್ವಲ್ಲ ನೀನು. ಸುಮ್ನೆ ಬಿಟ್ರೆ ಹೆಂಗೆ? ಓನರ್ ಬಲವಂತ ಮಾಡ್ದ ಅಂತ ಹೇಳಿರ್ತಿದ್ದ. ನಾನು ನಂಬ್ತಿರಲಿಲ್ಲ. ಆಗ ನಿನ್ನ ಮೇಲೆ ಹಾಕ್ತಿದ್ದ."

"ನನ್ನ ಮೇಲಾ?"

"ಮತ್ತೆ? ನಿಶಾಂತ ಒಬ್ಬನೇ ಹೊರೋಕಾಗಲ್ಲ ಅಂದ, ಅದಕ್ಕೇ ಹೋದೆ ಅಂತ. ಬರ್ಕೋ. ಆಮೇಲೆ ನಾನು ಗಂಜಿ ಕುಡಿಸೋಕೆ ಹೋದ್ರೆ ಮುಖ ತಿರುಗಿಸ್ತಿದ್ದ. ಖಾರದ್ದು ಏನಾದ್ರೂ ಕೊಡು ಅಂತ ಹಠ. ನರ್ಸ್ ಬೈತಿದ್ಲು ನಮ್ಮಿಬ್ಬರ್ನೂ."

ಪೆನ್ನು ತೆಗೆದೆ. ಹಾಳೆ ಹಿಂದೆ ಜಾಗ ಇತ್ತು. ಹರ್ಷಿತಾ ಮೇಡಮ್ ಕಾಲ್ ಬರ್ತಿತ್ತು, ಕಟ್ ಮಾಡ್ದೆ.

"ಆಮೇಲೆ?" ಅಂದೆ.

"ಆಮೇಲೆ ಏನು, ನಾನು ಕಾರಿಡಾರಿಗೆ ಬಂದು ನಿನ್ನ ಬೈತಿದ್ದೆ" ಅಂದ್ರು ಮಹಾನಂದಮ್ಮ, ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿ. "ತಡಿ. ನಿಧಾನ ಬರಿ. ಬೈಗುಳ ಒಂದೂ ಬಿಡ್ಬೇಡ."